ದೇಶದ ಪರವಾಗಿ ಗೋಣಿ ಉಟ್ಟದ್ದು

ಭೂಮಿ ನಡುಗಿದ್ದು ಬಿಹಾರದಲ್ಲಿ. ಅದು ಯಾಕೆ ನಡುಗಿತು ಎಂಬುದು ಮಾತ್ರ ಎಲ್ಲರಿಗಿಂತ ಮೊದಲು ಮಂಗಳೂರಿನವರಿಗೆ ಗೊತ್ತಾಯಿತು. ಸಾವಿರದ ಒಂಬೈನೂರ ಮೂವತ್ತನಾಲ್ಕನೆಯ ಇಸವಿಯ ಜನವರಿಯಲ್ಲಿ ಪೇಪರಿನಲ್ಲಿ ಸುದ್ದಿ ಬಂತು. ಮರುದಿನವೇ ರಥಬೀದಿಯ ವಕೀಲರು, ಕಂಡಕಂಡವರನ್ನು ದೇವಸ್ಥಾನದ ಒಳಗೆ ಬಿಡಬೇಕೆಂದು ಹೊರಟದ್ದರಿಂದಲೇ ಹೀಗಾಯಿತು ಎಂದರು. ಹಂಪನಕಟ್ಟೆಯ ಖಾದಿ ಟೋಪಿಯವರು, ಬಿಡದೆ ಇದ್ದದ್ದರಿಂದಲೇ ಹೀಗಾಯಿತು ಎಂದರು. ಆಚೆ ಗುಡ್ಡದ ಕಥೋಲಿಕರು, ಜನ ಸಿನೆಮಾ ನೋಡುವುದರಿಂದ ಹೀಗಾಯಿತು ಎಂದರಂತೆ. ಸತ್ತವರು ಎಷ್ಟು, ಉಳಿದವರು ಎಲ್ಲಿ ಮಲಗಿದ್ದಾರೆ, ಆ ಚಳಿಯಲ್ಲಿ ಮಕ್ಕಳಿಗೆ ಹೊದೆಯಲು ಉಂಟೋ ಇಲ್ಲವೋ ಎಂದು ಕೇಳಿದವರು ಕಡಿಮೆ. ಪಾಪ ಯಾರದೆಂದು ತೀರ್ಮಾನವಾಗದೆ ಕಂಬಳಿ ಕಳಿಸುವುದು ಹೇಗೆ?

ನಮ್ಮ ಕ್ರೈಸ್ತ ಸಭೆಯವರು ಹಿಂದೆ ಬೀಳುವವರಲ್ಲ. ಜೆಪ್ಪುವಿನ ಹಂಚಿನ ಕಾರ್ಖಾನೆಗಳ ಮೇಲಿನ ದಿಣ್ಣೆಯಲ್ಲಿ ನಮ್ಮ ದೇವಾಲಯ. ಕಾರ್ಖಾನೆಯ ಹೊಗೆ ಗಾಳಿ ತಿರುಗಿದಾಗ ನೇರ ಪ್ರಸಂಗಪೀಠಕ್ಕೆ ಬರುತ್ತದೆ. ನಾವು ಪ್ರೊಟೆಸ್ಟಂಟರು, ಅಂದರೆ ಯಾವುದನ್ನೂ ಕಮಿಟಿ ಇಲ್ಲದೆ ಮಾಡುವವರಲ್ಲ. ಬಿಹಾರಕ್ಕಾಗಿಯೂ ಒಂದು ಕಮಿಟಿಯಾಯಿತು. ಅದರಲ್ಲಿ ಗಂಡಸರೆಲ್ಲ ಸೇರಿ ಒಬ್ಬ ಹೆಂಗಸನ್ನೂ ಹಾಕಿದರು, ಅದು ನಾನು, ಹೆಣ್ಣುಮಕ್ಕಳ ಶಾಲೆಯ ಕುಶಲಾ ಟೀಚರ್. ನನ್ನ ಅಕ್ಷರ ಚೆಂದ, ಕಾಫಿಯೂ ಚೆಂದ. ಅಭಿಪ್ರಾಯ ಚೆಂದ ಎಂದು ಯಾರೂ ಹೇಳಲಿಲ್ಲ, ಕೇಳಲೂ ಇಲ್ಲ.

ಕಮಿಟಿಯ ಅಧ್ಯಕ್ಷರು ಸಭೆಯ ಹಿರಿಯರಾದ ತಿಯೋಫಿಲ ಸೋನ್ಸರು. ಕಾರ್ಖಾನೆಯಲ್ಲಿ ಹೆಡ್ ಗುಮಾಸ್ತರಾಗಿ ನಿವೃತ್ತರಾದವರು. ಅಷ್ಟು ವರ್ಷ ಒಡೆದ ಹಂಚನ್ನು ಬೇರೆ ಮಾಡಿಸಿ ಅಭ್ಯಾಸವಾಗಿ, ಈಗ ಭಾನುವಾರ ಬಾಗಿಲಲ್ಲಿ ನಿಂತು ಮನುಷ್ಯರನ್ನೂ ಹಾಗೆಯೇ ನೋಡುತ್ತಿದ್ದರು. ಸಭಾಪಾಲಕರು ನಥಾನಿಯೇಲ ಅಯ್ಯನವರು, ಬಹಳ ಒಳ್ಳೆಯ ಮನುಷ್ಯ, ಸೋನ್ಸರಿಗೆ ಬಹಳ ಹೆದರುವ ಮನುಷ್ಯ.

"ಕಾರಣ ಸ್ಪಷ್ಟ ಉಂಟು," ಎಂದರು ಸೋನ್ಸರು ಮೊದಲ ಕೂಟದಲ್ಲಿ. "ವಿಗ್ರಹಾರಾಧನೆ. ಅದಕ್ಕೆ ದೇವರು ಕೈ ಎತ್ತಿದ್ದು."

"ಆದರೆ ಅಲ್ಲಿ ಒಂದು ಮಿಶನ್ ದೇವಾಲಯವೂ ಬಿದ್ದಿದೆಯಂತೆ, ಸೋನ್ಸರೇ," ಎಂದರು ಅಯ್ಯನವರು ಮೆಲ್ಲಗೆ.

ಸೋನ್ಸರು ಸ್ವಲ್ಪ ಹೊತ್ತು ಕಾಫಿ ಆರಿಸಿದರು. "ಅದು ನಮ್ಮ ಮಿಶನ್ನಿನದ್ದಲ್ಲ," ಎಂದರು.

ಅಷ್ಟಕ್ಕೆ ದೈವಶಾಸ್ತ್ರ ಮುಗಿಯಿತು. ಇನ್ನು ಉಳಿದದ್ದು ಪರಿಹಾರ. ನಮ್ಮ ಹೆಂಗಸರಿಗೆ ಹಿಡಿಯಕ್ಕಿಯ ಕ್ರಮ ಉಂಟು. ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿ ಬೇರೆ ಡಬ್ಬಿಗೆ ಹಾಕಿ ಭಾನುವಾರ ದೇವಾಲಯಕ್ಕೆ ತಂದು ಸುರಿಯುವುದು. ಬಿಹಾರದ ಸುದ್ದಿ ಕೇಳಿ ಅವರು ಯಾರ ಅಪ್ಪಣೆಗೂ ಕಾಯದೆ ಒಂದು ಹಿಡಿಯನ್ನು ಎರಡು ಮಾಡಿದ್ದರು. ಕಾರ್ಖಾನೆಯಲ್ಲಿ ಮಣ್ಣು ಹೊರುವವರು, ಗಂಡ ಕುಡಿದು ಬರುವ ಮನೆಯವರು, ಎಲ್ಲರೂ. ದೇವಾಲಯದ ಪಕ್ಕದ ಕೋಣೆಯಲ್ಲಿ ಕುಚ್ಚಲಕ್ಕಿ ಸೊಂಟದೆತ್ತರ ರಾಶಿಯಾಯಿತು. ನೋಡಿ ನನಗೆ ಹೆಮ್ಮೆಯಾಯಿತು. ಇದನ್ನು ತುಂಬಿಸಿ ರೈಲಿಗೆ ಹಾಕಿದರೆ ನಮ್ಮ ಕೆಲಸ ಮುಗಿಯಿತು ಎಂದುಕೊಂಡೆ. ನಾನು ಪೆದ್ದಿ.

ಬಂದರಿನಲ್ಲಿ ಉಮರಬ್ಬ ಎಂಬ ಅಕ್ಕಿ ವ್ಯಾಪಾರಿ ಇದ್ದರು. ಬಿಹಾರಕ್ಕೆಂದು ತಿಳಿದ ಕೂಡಲೇ ಒಂದು ಗಾಡಿ ಖಾಲಿ ಗೋಣಿಚೀಲ ಕಳಿಸಿಕೊಟ್ಟರು. ದುಡ್ಡು ಕೇಳಲಿಲ್ಲ. ಪಾಪ ಯಾರದೆಂದೂ ಕೇಳಲಿಲ್ಲ.

ಆ ಚೀಲಗಳನ್ನು ನೋಡಿದಾಗ ಸೋನ್ಸರಿಗೆ ಬೈಬಲಿನ ನಿನೆವೆ ಪಟ್ಟಣ ನೆನಪಾಯಿತು.

"ಅಕ್ಕಿ ಯಾರು ಬೇಕಾದ್ರೂ ಕಳಿಸ್ತಾರೆ," ಎಂದರು ಅವರು ಎರಡನೆಯ ಕೂಟದಲ್ಲಿ. "ಕಾಂಗ್ರೆಸ್ಸಿನವರೂ ಕಳಿಸ್ತಾರೆ. ದೇಶಕ್ಕೆ ಬೇಕಾದ್ದು ಪಶ್ಚಾತ್ತಾಪ. ಪ್ರವಾದಿ ಯೋನನು ಸಾರಿದಾಗ ನಿನೆವೆಯವರು ಎಂತ ಮಾಡಿದ್ರು? ಅರಸನಿಂದ ಹಿಡಿದು ದನಕರುಗಳವರೆಗೆ ಗೋಣಿತಟ್ಟು ಕಟ್ಟಿಕೊಂಡ್ರು. ದೇವರು ಕೈ ಹಿಂದೆ ತೆಗೆದ್ರು. ನಾವು ಇಡೀ ಇಂಡಿಯಾದ ಪರವಾಗಿ ಒಂದು ಭಾನುವಾರ ಹಾಗೆ ಮಾಡುವ."

ಕಮಿಟಿ ರೋಮಾಂಚನಗೊಂಡಿತು. ಇಡೀ ಇಂಡಿಯಾದಲ್ಲಿ ಯಾರಿಗೂ ಹೊಳೆಯದ್ದು ಜೆಪ್ಪುವಿಗೆ ಹೊಳೆದಿತ್ತು! ಎಲ್ಲರೂ ಗೋಣಿತಟ್ಟು ಉಡುವುದೆಂದು ಸರ್ವಾನುಮತದ ನಿರ್ಣಯವಾಯಿತು. ದರ್ಜಿಯನ್ನು ಕರೆಸಿ, ಉಮರಬ್ಬರ ಚೀಲಗಳನ್ನು ಕತ್ತರಿಸಿ, ಹಿರಿಯರ ಅಳತೆಗೆ ನಿಲುವಂಗಿ ಹೊಲಿಸಿದರು. ಅಳತೆ ಕೊಡುವಾಗ ಒಬ್ಬರು ಒಳಗೆ ಕಿಸೆ ಬೇಕು ಎಂದರು. ಇನ್ನೊಬ್ಬರು ಕಾಲರ್ ಇಡಬಹುದೋ ಎಂದು ಕೇಳಿದರು. ಚೀಲಗಳ ಮೇಲೆ ಬಂದರಿನ ಅಂಗಡಿಯ ಮುದ್ರೆ ಇತ್ತು, ಅದು ಸರಿಯಾಗಿ ಎದೆಯ ಮೇಲೆ ಬಾರದಂತೆ ನೋಡಿಕೊಳ್ಳಲು ದರ್ಜಿಗೆ ಹೇಳಿದರು. ಕೆಲವು ಚೀಲ ಒಣಮೀನಿನದಿತ್ತು.

"ಅಕ್ಕಿ ಯಾವುದರಲ್ಲಿ ತುಂಬಿಸುವುದು?" ಎಂದು ನಾನು ಕೇಳಿದೆ.

"ಮೊದಲು ಪಶ್ಚಾತ್ತಾಪ ಆಗಲಿ ಟೀಚರ್," ಎಂದರು ಸೋನ್ಸರು. "ಅಕ್ಕಿ ಎಂತ, ಓಡಿ ಹೋಗ್ತದಾ?"

ಓಡಿ ಹೋಗಲಿಲ್ಲ, ನಿಜ. ಕೋಳಿಗಳು ಓಡಿ ಬಂದವು. ನಾನು ಶಾಲೆ ಬಿಟ್ಟ ಮೇಲೆ ದಿನಾ ಹೋಗಿ ಕೋಳಿ ಓಡಿಸಿ, ಚಾಪೆ ಮುಚ್ಚಿ ಬರುತ್ತಿದ್ದೆ.

ಹೊಲಿದ ಅಂಗಿಗಳು ಮನೆಮನೆಗೆ ಹೋದವು. ಮೂರನೆಯ ಕೂಟಕ್ಕೆ ಬಂದವರ ಮುಖವೇ ಬೇರೆ. ಒಬ್ಬರಿಗೆ ಗೋಣಿ ತಾಗಿದರೆ ಮೈಯೆಲ್ಲ ದದ್ದು ಏಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಒಬ್ಬರಿಗೆ ದಮ್ಮು. ಒಬ್ಬರ ಹೆಂಡತಿ, ಒಣಮೀನಿನ ವಾಸನೆಯ ಗಂಡನ ಪಕ್ಕದಲ್ಲಿ ನಡೆದು ದೇವಾಲಯಕ್ಕೆ ಬರುವುದಿಲ್ಲ ಎಂದು ಖಡಾಖಂಡಿತ ಹೇಳಿದ್ದಳು. ಸೋನ್ಸರು ತಾವು ಉಡಲು ಸಿದ್ಧವೇ, ಆದರೆ ಅಧ್ಯಕ್ಷರಾದವರು ಉಟ್ಟರೆ ಉಡದವರಿಗೆ ಅವಮಾನವಾದೀತು ಎಂದು ಹಿಂಜರಿಯುತ್ತಿದ್ದೇನೆ ಎಂದರು. ಕೊನೆಗೆ, ಎಲ್ಲರ ಪರವಾಗಿ ಒಬ್ಬರು ಉಟ್ಟರೆ ಸಾಕು ಎಂದಾಯಿತು. ಕರ್ತನೇ ಎಲ್ಲರ ಪರವಾಗಿ ಒಬ್ಬನಾಗಿ ನಿಂತನಲ್ಲವೇ ಎಂದು ಯಾರೋ ವಚನ ಸಮೇತ ಹೇಳಿದರು. ಆ ಒಬ್ಬರು ಯಾರು ಎಂದಾಗ ಎಲ್ಲರೂ ಮಾಡಿನ ಹಂಚು ನೋಡತೊಡಗಿದರು.

"ಪಾಪ ಮಾಡಿದವರು ಆಗಬೇಕು," ಎಂದರು ಸೋನ್ಸರು. "ನಮ್ಮ ಸಭೆಯಲ್ಲಿ ಯಾರಿದ್ದಾರೆ? ಹಾಂ. ಆ ಸಲೋಮಿ."

ಸಲೋಮಿಬಾಯಿಯ ಕತೆ ಹೇಳಬೇಕಾದರೆ ಇಪ್ಪತ್ತಮೂರರ ನೆರೆಗೆ ಹೋಗಬೇಕು. ನೇತ್ರಾವತಿ ಆ ಸಲ ಏರಿ ಬಂದದ್ದನ್ನು ನೋಡಿದವರು ಈಗಲೂ ಮಾತಾಡುತ್ತಾರೆ. ನಾನಾಗ ಉಡುಪಿಯ ಶಾಲೆಯಲ್ಲಿದ್ದೆ. ಹೊಳೆಬದಿಯ ಹಂಚಿನ ಕಾರ್ಖಾನೆಯ ಕೇರಿಯವರು ರಾತ್ರಿ ಬಿಟ್ಟು ಓಡಿದರು. ದೇವಾಲಯದ ದಾರಿಗೆ ನೀರು ಬಂದಿತ್ತು. ಹತ್ತಿರ ಎತ್ತರದ ಜಾಗ ಒಂದೇ, ಮೀನುಗಾರರ ಬೊಬ್ಬರ್ಯ ದೈವದ ಗುಡಿ. ಗುಡಿಯ ಉಸ್ತುವಾರಿ ನೋಡುವ ಗುರಿಕಾರ ದೂಮಪ್ಪ ಬಾಗಿಲು ತೆಗೆದು, ಎಲ್ಲರನ್ನೂ ಜಗಲಿಗೆ ಹತ್ತಿಸಿಕೊಂಡ. ದೈವಕ್ಕೆಂದು ಇಟ್ಟ ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಹಂಚಿದ. ನೀರು ಇಳಿಯುವವರೆಗೆ ಕೇರಿಯವರು ಬದುಕಿದ್ದು ಅದರಲ್ಲೇ.

ನೀರು ಇಳಿದ ಮೇಲೆ ವಿಚಾರಣೆಯಾಯಿತು. ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿಂದವರು ಯಾರು ಯಾರು? ಯಾರೂ ಇಲ್ಲ. ಎಲ್ಲರೂ ಬಾಳೆಹಣ್ಣು ತಿಂದವರೇ. ಬಾಳೆಹಣ್ಣಿಗೆ ಸಿಪ್ಪೆ ಉಂಟು, ದೈವದ ದೃಷ್ಟಿ ಸಿಪ್ಪೆಗೆ ತಾಗಿರಬಹುದೇ ಹೊರತು ಹಣ್ಣಿಗೆ ತಾಗಲಿಲ್ಲ, ಹಾಗಾಗಿ ಅದು ಅರ್ಪಿಸಿದ್ದು ಅಂತ ಆಗುವುದಿಲ್ಲ. ಈ ತರ್ಕ ಕಂಡುಹಿಡಿದವರು ಸೋನ್ಸರೇ. ಅವರೂ ಸಂಸಾರ ಸಮೇತ ಆ ಜಗಲಿಯಲ್ಲಿ ಇದ್ದವರು. ಆ ಗುಡಿಯಲ್ಲಿ ಅಷ್ಟು ಜನರಿಗಾಗುವಷ್ಟು ಬಾಳೆಗೊನೆ ಎಲ್ಲಿಂದ ಬಂತು ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಸಲೋಮಿಬಾಯಿಯನ್ನು ಕೇಳಿದಾಗ ಅವಳು, "ಅವಲಕ್ಕಿ ತಿಂದೆ," ಎಂದಳು. "ಮಗಳಿಗೆ ಜ್ವರ ಇತ್ತು, ಅವಳಿಗೂ ತಿನ್ನಿಸಿದೆ. ರುಚಿಯಾಗಿತ್ತು."

ತಿಂದದ್ದನ್ನು ಕ್ಷಮಿಸುತ್ತಿದ್ದರೋ ಏನೋ, ರುಚಿಯಾಗಿತ್ತು ಅಂದದ್ದನ್ನು ಕ್ಷಮಿಸಲಾಗಲಿಲ್ಲ. ಸಭೆಯ ಎದುರು ನಿಂತು ಪಶ್ಚಾತ್ತಾಪ ಹೇಳು ಎಂದರು. ಮಗಳು ಬದುಕಿ ಉಳಿದಿದ್ದಾಳಲ್ಲ, ಪಶ್ಚಾತ್ತಾಪ ಯಾವುದಕ್ಕೆ ಎಂದು ಅವಳು ಕೇಳಿದಳು. ಅವಳಿಗೆ ದೇವಾಲಯದಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ನಿಂತಿತು. ಅಂದಿನಿಂದ ಕೊನೆಯ ಬೆಂಚು. ಗಂಡ ಮೊದಲೇ ಇಲ್ಲ. ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತು ಮಗಳನ್ನು ಬೆಳೆಸಿದಳು. ಆ ಮಗಳು ಹೇಮಾಕ್ಷಿ ನನ್ನ ಕೈಕೆಳಗೇ ಓದಿ, ಈಗ ನನ್ನ ಶಾಲೆಯಲ್ಲೇ ಸಣ್ಣ ಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು.

ಹೇಮಾಕ್ಷಿಗೆ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗ ದೇವದಾಸ್, ಮುದ್ರಣಾಲಯದಲ್ಲಿ ಅಚ್ಚು ಜೋಡಿಸುವವ, ಒಳ್ಳೆಯವ. ಆದರೆ ಮದುವೆಗೆ ಮೊದಲು ದೇವಾಲಯದಲ್ಲಿ ಮೂರು ಭಾನುವಾರ ಪ್ರಕಟಣೆ ಓದಬೇಕು, ತಾಯಿ ಸಭೆಯ ಶಿಸ್ತಿನ ಶಿಕ್ಷೆಯಲ್ಲಿರುವ ತನಕ ಮಗಳ ಪ್ರಕಟಣೆ ಓದುವುದಿಲ್ಲ ಎಂದು ಸೋನ್ಸರು ಹಿಡಿದು ಕೂತಿದ್ದರು. ಹುಡುಗನ ತಾಯಿ ಉಡುಪಿಯಿಂದ ಹೇಳಿ ಕಳಿಸಿದ್ದಳು, ಈ ಸಲದ ಉಪವಾಸ ಕಾಲದ ಮೊದಲು ಪ್ರಕಟಣೆ ಶುರುವಾಗದಿದ್ದರೆ ಬೇರೆ ಹುಡುಗಿ ನೋಡುತ್ತೇವೆ ಎಂದು. ಅಯ್ಯನವರ ಕಿಸೆಯಲ್ಲಿ ಆ ಪ್ರಕಟಣೆಯ ಕಾಗದ ಬೆವರು ಹೀರಿ ಮೆತ್ತಗಾಗಿತ್ತು. ಓದುವ ಧೈರ್ಯ ಮಾತ್ರ ಇರಲಿಲ್ಲ.

ಸೋನ್ಸರು ನನ್ನನ್ನೂ ಕರೆದುಕೊಂಡೇ ಸಲೋಮಿಬಾಯಿಯ ಮನೆಗೆ ಹೋದರು.

"ನೋಡು ಸಲೋಮಿ, ನಿನಗೆ ದೊಡ್ಡ ಗೌರವ ಬಂದಿದೆ," ಎಂದರು. "ಇಡೀ ದೇಶದ ಪರವಾಗಿ ನೀನು ಗೋಣಿ ಉಡಬೇಕು. ನಿನ್ನ ಹಳೆಯ ಪಾಪವನ್ನು ನಿನ್ನ ಬಾಯಿಂದಲೇ ಹೇಳಬೇಕು. ಅದೇ ದಿನ ನಿನ್ನನ್ನು ಸಭೆಗೆ ಸೇರಿಸಿಕೊಳ್ಳುವ, ಮಗಳ ಪ್ರಕಟಣೆಯೂ ಆಗ್ತದೆ."

"ಬಿಹಾರದ ಭೂಕಂಪಕ್ಕೂ ನಾನು ಅವಲಕ್ಕಿ ತಿಂದದ್ದಕ್ಕೂ ಎಂತ ಸಂಬಂಧ, ಧನಿಗಳೇ?" ಎಂದಳು ಸಲೋಮಿಬಾಯಿ.

"ಅದು ನಿನಗೆ ಅರ್ಥ ಆಗುವುದಿಲ್ಲ."

"ನನಗೂ ಆಗುವುದಿಲ್ಲ," ಎಂದೆ ನಾನು. ಸೋನ್ಸರು ಕೇಳಿಸಲಿಲ್ಲ ಎಂಬಂತೆ ಕೊಡೆ ತೆಗೆದುಕೊಂಡು ಎದ್ದರು.

ಅವರು ಹೋದ ಮೇಲೆ ಹೇಮಾಕ್ಷಿ ಒಳಗಿನಿಂದ ಬಂದಳು. ಅವಳ ಕಣ್ಣು ಕೆಂಪಾಗಿತ್ತು. "ನನ್ನ ಹೊಟ್ಟೆಗೆ ಹೋದದ್ದಕ್ಕೆ ನೀವು ಯಾಕಮ್ಮ ಕ್ಷಮೆ ಕೇಳುವುದು? ನನಗೆ ಮದುವೆ ಬೇಡ."

"ಬೇಡ ಅಂತ ಹೇಳುವುದು ಸುಲಭ," ಎಂದಳು ತಾಯಿ. "ನಾಲ್ಕು ಮಾತು ಅಷ್ಟೆ. ಹೇಳಿ ಮುಗಿಸ್ತೇನೆ. ನಾನು ಎಷ್ಟು ಹಂಚು ಹೊತ್ತಿಲ್ಲ, ಇದೊಂದು ಗೋಣಿ ಹೊರ್ಲಿಕ್ಕೆ ಆಗುವುದಿಲ್ವಾ?"

ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ತನ್ನ ಮಗುವನ್ನು ಬದುಕಿಸಿದ್ದು ತಪ್ಪಾಯಿತು ಎಂದು ಒಬ್ಬ ತಾಯಿ ಊರೆದುರು ನಿಂತು ಹೇಳಬೇಕು, ಅದೂ ಅದೇ ಮಗುವಿನ ಮದುವೆಗಾಗಿ. ಇದಕ್ಕಿಂತ ದೊಡ್ಡ ಪಾಪ ಬಿಹಾರದಲ್ಲಿ ಯಾರು ಮಾಡಿದ್ದಾರು ಎಂದು ಮೈ ಉರಿಯಿತು.

ಸೋನ್ಸರು ಆರಾಧನೆಯ ಕ್ರಮವನ್ನು ತಾವೇ ರಚಿಸಿ, ನನ್ನ ಕೈಯಲ್ಲಿ ಬರೆಸಿ, ಅಚ್ಚು ಹಾಕಿಸಿದರು. ಹಾಳೆ ಎಲ್ಲರ ಕೈಗೂ ಬರಬೇಕು. ಮೊದಲು ಅಯ್ಯನವರ ಪ್ರಶ್ನೆ, ಆಮೇಲೆ ಪಾಪಿಯ ಅರಿಕೆ. ಅದು ಹಳೆಯ ನಿಯಮದ ಪ್ರಕಾರ ಪಾಪಿಯ ಸ್ವಂತ ಮಾತಿನಲ್ಲೇ ಆಗಬೇಕಾದ್ದರಿಂದ ಅಲ್ಲಿ ಖಾಲಿ ಗೆರೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಇಡೀ ಸಭೆ ಎದ್ದು ಒಟ್ಟಾಗಿ ಓದಬೇಕಾದ್ದು: "ಈ ಪಾಪವು ನಮ್ಮದೂ ಆಗಿದೆ. ನಾವೂ ಇದಕ್ಕಾಗಿ ದುಃಖಪಡುತ್ತೇವೆ." ಆಮೇಲೆ ಅಯ್ಯನವರಿಂದ ಕ್ಷಮೆಯ ಘೋಷಣೆ. ದೇಶದ ಪರವಾಗಿ ಎಂದ ಮೇಲೆ ಸಭೆಯವರೂ ಏನಾದರೂ ಹೇಳಬೇಕಲ್ಲ ಎಂದು ಸೋನ್ಸರು ಈ ಸಾಲು ಹಾಕಿಸಿದ್ದರು. ಯಾರ ಹೆಸರೂ ಇಲ್ಲದ ಪಾಪವಾದ್ದರಿಂದ ಯಾರಿಗೂ ನೋವಾಗುವಂತಿರಲಿಲ್ಲ.

ನಮ್ಮ ಸಭೆಯ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ಅಚ್ಚಾದದ್ದನ್ನು ನಮ್ಮವರು ಬಿಡುವವರಲ್ಲ. ಒಂದು ಸಲ ಕೀರ್ತನೆಯ ಹಾಳೆಯ ಅಡಿಯಲ್ಲಿದ್ದ ಮುದ್ರಣಾಲಯದ ವಿಳಾಸವನ್ನೂ ರಾಗವಾಗಿ ಹಾಡಿದ್ದೇವೆ.

ಆ ಭಾನುವಾರ ದೇವಾಲಯ ತುಂಬಿತ್ತು. ಗಂಡಸರ ಕಡೆ ಇಸ್ತ್ರಿ ಹಾಕಿದ ಕೋಟುಗಳು, ಹೆಂಗಸರ ಕಡೆ ಪೆಟ್ಟಿಗೆಯಿಂದ ತೆಗೆದ ಸೀರೆಗಳು. ದೇಶ ಪಶ್ಚಾತ್ತಾಪ ಪಡುವುದನ್ನು ನೋಡಲು ಬರುವಾಗ ಹಳೆಯದು ಉಟ್ಟು ಬರಲಾಗುತ್ತದೆಯೇ? ಎಲ್ಲರ ಎದುರು ಒಂದು ಸ್ಟೂಲಿನ ಪಕ್ಕ ಸಲೋಮಿಬಾಯಿ ನಿಂತಿದ್ದಳು, ಸೀರೆಯ ಮೇಲೆ ಗೋಣಿ. ಅದನ್ನು ಸೋನ್ಸರ ಅಳತೆಗೆ ಹೊಲಿದದ್ದು, ಅವಳ ಪಾದದವರೆಗೆ ಬರುತ್ತಿತ್ತು. ತೋಳಿನ ಕೊನೆಯಲ್ಲಿ ಅವಳ ಬೆರಳು ಮಾತ್ರ ಕಾಣುತ್ತಿತ್ತು.

ಗಂಟೆ ಹೊಡೆದ ಮೇಲೆ ಬಾಗಿಲಲ್ಲಿ ಸ್ವಲ್ಪ ಗದ್ದಲವಾಯಿತು. ತಿರುಗಿ ನೋಡಿದರೆ, ತಲೆಯ ಮೇಲೆ ಬುಟ್ಟಿ ಹೊತ್ತ ಒಬ್ಬ ಮುದುಕ. ಬರಿ ಮೈ, ಹೆಗಲ ಮೇಲೆ ಒಂದು ಬೈರಾಸು. ಅವನ ಹಿಂದೆ ಬುಟ್ಟಿ ಹೊತ್ತ ಇಬ್ಬರು ಹೆಂಗಸರು ಅಂಗಳದಲ್ಲೇ ನಿಂತಿದ್ದರು. ಪಾದ್ರಿಗಳು ಬಿಹಾರಕ್ಕೆ ಅಕ್ಕಿ ಕಳಿಸುತ್ತಿದ್ದಾರೆ ಎಂದು ಬಂದರಿನಲ್ಲಿ ಉಮರಬ್ಬ ಹೇಳಿದರಂತೆ, ಅದಕ್ಕೆ ತಮ್ಮ ಮೀನುಗಾರರ ಕೇರಿಯ ಮನೆಗಳಿಂದಲೂ ಒಟ್ಟು ಮಾಡಿ ತಂದಿದ್ದಾರೆ. ಎಲ್ಲಿ ಸುರಿಯಬೇಕು ಎಂದು ಅವನು ತುಳುವಿನಲ್ಲಿ ಕೇಳುತ್ತಿದ್ದ.

ಸೋನ್ಸರ ಮುಖ ಅರಳಿತು. ಅವರ ಕಣ್ಣಿಗೆ ಅಕ್ಕಿ ಬೀಳಲಿಲ್ಲ. ದೇಶದ ಪಶ್ಚಾತ್ತಾಪಕ್ಕೆ ಹೊರಗಿನವನೊಬ್ಬ ಸಾಕ್ಷಿಯಾಗಿ ತಾನಾಗಿ ಬಂದನಲ್ಲ ಎಂದು ಅವರೇ ಎದ್ದು ಹೋಗಿ, ಅವನ ಬುಟ್ಟಿ ಇಳಿಸಿ, ಕೈ ಹಿಡಿದು ಕರೆತಂದು ಎದುರಿನ ಬೆಂಚಿನಲ್ಲಿ ಕೂರಿಸಿದರು. ಗುರುತು ಸಿಗಲಿಲ್ಲವೋ, ಸಿಕ್ಕಿದ್ದು ಬೇಡವಾಯಿತೋ, ದೇವರಿಗೇ ಗೊತ್ತು.

ಸಲೋಮಿಬಾಯಿಗೆ ಗುರುತು ಸಿಕ್ಕಿತು. ಅವಳ ಮುಖ ಬಿಳಿಚಿದ್ದನ್ನು ನಾನು ನೋಡಿದೆ. ನಾನು ಹಾರ್ಮೋನಿಯಂ ಬಾರಿಸುವವಳು, ಅಲ್ಲೇ ಪಕ್ಕದಲ್ಲಿದ್ದೆ. "ಯಾರು?" ಎಂದು ಪಿಸುಗುಟ್ಟಿದೆ.

"ದೂಮಣ್ಣ," ಎಂದಳು. "ಗುಡಿಯ ದೂಮಣ್ಣ."

ತಿಂದದ್ದು ಪಾಪವಾಯಿತು ಎಂದು ಬಡಿಸಿದವನ ಎದುರೇ ಇವಳು ಹೇಳಬೇಕು. ಅವನೋ, ಎರಡು ಮಾರು ದೂರದಲ್ಲಿ ಬೈರಾಸನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು, ಇವಳನ್ನು ನೋಡಿ ಗುರುತು ಹಿಡಿದು, ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಾನೆ. ಹೇಳದಿದ್ದರೆ ಮಗಳ ಮದುವೆ ಮುರಿಯಿತು. ಕೊನೆಯ ಬೆಂಚಿನಲ್ಲಿ ಹೇಮಾಕ್ಷಿ ತಲೆ ಎತ್ತದೆ ಕೂತಿದ್ದಳು.

ಅಯ್ಯನವರು ಹಾಳೆ ನೋಡಿ ಓದಿದರು. "ಸಹೋದರಿಯೇ, ನೀನು ಮಾಡಿದ ಪಾಪವೇನು? ನಿನ್ನ ಸ್ವಂತ ಬಾಯಿಂದ ಸಭೆಯ ಮುಂದೆ ಹೇಳು."

ಸಲೋಮಿಬಾಯಿ ಬಾಯಿ ತೆರೆದಳು. ಕಣ್ಣು ದೂಮಪ್ಪನ ಮೇಲೇ ಇತ್ತು. ಸೋನ್ಸರು ತಮ್ಮ ಜಾಗದಿಂದಲೇ, "ಇಪ್ಪತ್ತಮೂರನೆಯ ಇಸವಿಯ ನೆರೆಯಲ್ಲಿ," ಎಂದು ಹೇಳಿಕೊಟ್ಟರು.

"ಇಪ್ಪತ್ತಮೂರನೆಯ ಇಸವಿಯ ನೆರೆಯಲ್ಲಿ," ಎಂದಳು ಅವಳು, "ಈ ದೂಮಣ್ಣ ನಮ್ಮನ್ನು ಮಳೆಯಿಂದ ಒಳಗೆ ಕರೆದ್ರು. ಇದ್ದದ್ದನ್ನೆಲ್ಲ ನಮಗೆ ಕೊಟ್ರು. ನನ್ನ ಮಗಳು ಬದುಕಿದಳು. ಆಮೇಲೆ ನಾನು ಅವರ ಮನೆಯ ದಾರಿಯಲ್ಲಿ ಹೋಗಲಿಲ್ಲ. ಸಭೆಯವರು ನೋಡಿದರೆ ಎಂತ ಹೇಳ್ತಾರೋ ಅಂತ, ಮೀನಿನ ಪೇಟೆಯಲ್ಲಿ ಅವರನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋದೆ. ನಿಮ್ಮಿಂದ ಉಪಕಾರ ಆಯ್ತು ಅಂತ ಒಂದು ಮಾತು ಹೇಳಲಿಲ್ಲ. ಇದೇ ನನ್ನ ಪಾಪ. ಇದಕ್ಕೆ ನನಗೆ ನಿಜವಾಗಿ ದುಃಖ ಉಂಟು."

ಸೋನ್ಸರು ಏಳಲೆಂದು ಬೆಂಚಿಗೆ ಕೈ ಕೊಟ್ಟರು. ಅವರು ಎದ್ದು ತಡೆದರೆ ಕತೆ ಮುಗಿದಂತೆ. ಆದರೆ ಅವರು ಎದ್ದದ್ದನ್ನು ನೋಡಿ, ಹಾಳೆಯಲ್ಲಿ ಇಡೀ ಸಭೆ ಏಳತಕ್ಕದ್ದು ಎಂದು ಅಚ್ಚಾಗಿದ್ದದ್ದರಿಂದ, ಇಡೀ ಸಭೆ ಎದ್ದಿತು. ಸರಸರ ಹಾಳೆ ಎತ್ತಿ ಗಂಡಸರು, ಹೆಂಗಸರು, ದದ್ದಿನವರು, ದಮ್ಮಿನವರು, ಅಂದು ಜಗಲಿಯಲ್ಲಿ ಬರೀ ಬಾಳೆಹಣ್ಣು ತಿಂದವರು, ಒಕ್ಕೊರಲಿನಿಂದ ಓದಿದರು:

"ಈ ಪಾಪವು ನಮ್ಮದೂ ಆಗಿದೆ. ನಾವೂ ಇದಕ್ಕಾಗಿ ದುಃಖಪಡುತ್ತೇವೆ."

ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದ್ದು ಸೋನ್ಸರ ಸ್ವರ. ಜೀವಮಾನವಿಡೀ ಸಭೆಗೆ ಮುಂದಾಗಿ ಓದಿ ಅಭ್ಯಾಸ, ಬಾಯಿ ತಾನಾಗಿ ಓದಿಬಿಟ್ಟಿತು. ಓದಿ ಮುಗಿದ ಮೇಲೆ ಏನು ಓದಿದೆ ಎಂದು ಅವರಿಗೆ ತಿಳಿಯಿತು. ಅಷ್ಟರಲ್ಲಿ ಅಯ್ಯನವರು ಕ್ಷಮೆಯ ಘೋಷಣೆಯನ್ನು, ನಾನು ಎಂದೂ ಕೇಳದಷ್ಟು ವೇಗವಾಗಿ ಓದಿ ಮುಗಿಸಿದ್ದರು. ಉಸಿರು ಸಹ ಬಿಡದೆ ಕಿಸೆಗೆ ಕೈ ಹಾಕಿ ಆ ಮೆತ್ತಗಿನ ಕಾಗದ ತೆಗೆದು, "ದೇವದಾಸ್ ಮತ್ತು ಹೇಮಾಕ್ಷಿ ಇವರ ಮದುವೆಯ ಮೊದಲನೆಯ ಪ್ರಕಟಣೆ," ಎಂದು ಓದಿಯೇಬಿಟ್ಟರು. ನಾನು ಹಾರ್ಮೋನಿಯಮ್ಮಿನ ಎಲ್ಲ ಮನೆಗಳನ್ನೂ ಒಟ್ಟಿಗೆ ಒತ್ತಿದೆ ಎಂದು ಕಾಣುತ್ತದೆ. ಯಾವ ಕೀರ್ತನೆ ಎಂದು ಈಗ ನೆನಪಿಲ್ಲ, ಬಹಳ ಗಟ್ಟಿಯಾಗಿ ಹಾಡಿದೆವು.

ಆರಾಧನೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ, ಅಕ್ಕಿಯ ರಾಶಿಯ ಎದುರು, ಸೋನ್ಸರು ಅಯ್ಯನವರನ್ನು ಹಿಡಿದುಕೊಂಡರು.

"ಅದು ಆ ಪಾಪ ಅಲ್ಲ! ನಾವು ಒಪ್ಪಿಸಿದ ಪಾಪ ಬೇರೆ, ಅವಳು ಹೇಳಿದ ಪಾಪ ಬೇರೆ! ಇದು ನಡೆಯುವುದಿಲ್ಲ!"

"ಸಭೆ ಒಪ್ಪಿಕೊಂಡಾಯ್ತಲ್ಲ ಸೋನ್ಸರೇ," ಎಂದರು ಅಯ್ಯನವರು. "ಪಶ್ಚಾತ್ತಾಪವನ್ನು ವಾಪಸು ತೆಗೆದುಕೊಳ್ಳುವ ಕ್ರಮ ನಮ್ಮ ಪುಸ್ತಕದಲ್ಲಿ ಇಲ್ಲ. ಬೇಕಾದ್ರೆ ಅದಕ್ಕೊಂದು ಕಮಿಟಿ ಮಾಡುವ."

ನಾನು ಹೊರಗೆ ಬಂದೆ. ಮೆಟ್ಟಿಲಿನ ಪಕ್ಕ ದೂಮಪ್ಪ ನಿಂತಿದ್ದ. ಸಲೋಮಿಬಾಯಿ ಗೋಣಿ ಬಿಚ್ಚದೆ ಅವನೆದುರು ಬಂದು ನಿಂತಿದ್ದಳು. ಅಲ್ಲಿ ಅಷ್ಟು ಜನರ ಮುಂದೆ ಹೇಳಿದವಳಿಗೆ ಇಲ್ಲಿ ಮಾತೇ ಹೊರಡುತ್ತಿರಲಿಲ್ಲ. ಅವನಿಗೆ ಕನ್ನಡ ಅಷ್ಟಕ್ಕಷ್ಟೆ. ತನ್ನ ಹೆಸರು ಕೇಳಿಸಿತ್ತು, ಉಳಿದದ್ದು ತಲೆಗೆ ಹೋಗಿರಲಿಲ್ಲ.

"ಟೀಚರಮ್ಮ, ಇವಳು ಎಂತ ಹೇಳಿದ್ದು? ಮತ್ತೆ ಎಲ್ಲರೂ ಎದ್ದು ಒಟ್ಟಿಗೆ ಎಂತ ಹೇಳಿದ್ದು?" ಎಂದು ತುಳುವಿನಲ್ಲಿ ಕೇಳಿದ.

ನಾನು ಹೇಳಿದೆ. ನೆರೆಯ ಸಮಯದಲ್ಲಿ ನಿಮ್ಮ ಕೈಯ ಅವಲಕ್ಕಿ ತಿಂದು, ಮತ್ತೆ ನಿಮ್ಮ ಕಡೆ ತಿರುಗಿ ನೋಡಲಿಲ್ಲ, ಅದು ತಪ್ಪಾಯಿತು ಎಂದು ಹೇಳಿದರು ಎಂದೆ.

ಮುದುಕ ಗಲಿಬಿಲಿಗೊಂಡ. ಬೈರಾಸಿನಿಂದ ಮುಖ ಒರೆಸಿಕೊಂಡ.

"ಅಯ್ಯೋ, ಹಾಗಾ?" ಎಂದ. "ನಾವು ಬೇರೆ ಗ್ರಹಿಸಿದ್ದೆವು, ಅಮ್ಮ. ಆ ದಿನ ಕಟ್ಟಿಗೆ ಎಲ್ಲ ಒದ್ದೆ. ಒಲೆ ಹತ್ತಲಿಲ್ಲ. ಸಣ್ಣ ಮಕ್ಕಳು, ಜ್ವರದವರು, ಅಷ್ಟು ಜನ ಬಾಗಿಲಿಗೆ ಬಂದಾಗ ಒಂದು ಬಿಸಿ ಗಂಜಿ ಕೊಡ್ಲಿಕ್ಕೆ ನಮ್ಮಿಂದ ಆಗಲಿಲ್ಲ. ಬರೀ ಒಣ ಅವಲಕ್ಕಿ ಕೊಟ್ಟು ಕಳಿಸಿದೆವು ಅಂತ ನನ್ನ ಹೆಂಡತಿ ಸಾಯುವವರೆಗೆ ಹೇಳ್ತಿದ್ದಳು. ನೀವು ಯಾರೂ ಮತ್ತೆ ಆ ಕಡೆ ಬಾರದ್ದು ಆ ಬೇಸರದಿಂದಲೇ ಅಂತ ನಮಗೆ ಇತ್ತು. ಹಾಗೆ ಈ ಸಲ ಅಕ್ಕಿ ಅಂತ ಕೇಳಿದ ಕೂಡ್ಲೆ ಒಳ್ಳೆಯದೇ ನೋಡಿ ತಂದೆ."

ಸಲೋಮಿಬಾಯಿ ಮೆಟ್ಟಿಲಲ್ಲಿ ಕುಸಿದು ಕೂತು, ಗೋಣಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ. ಇಡೀ ದೇಶದ ಪಾಪ ಹುಡುಕಲು ಮೂರು ಕೂಟ ಮಾಡಿದೆವು, ಕಾಫಿ ಕುಡಿದೆವು, ಅಚ್ಚು ಹಾಕಿಸಿದೆವು. ನೆರೆಯ ದಿನ ಆ ಜಗಲಿಯಲ್ಲಿದ್ದವರಲ್ಲಿ ನಿಜವಾಗಿ ಮನಸ್ಸು ನೊಂದು ಬದುಕಿದವನು ಈ ಕೊಟ್ಟವನೊಬ್ಬನೇ!

ಹೇಮಾಕ್ಷಿ ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದಳು. ಬಗ್ಗಿ ಮುದುಕನ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಮ್ಮ ಸಭೆಯಲ್ಲಿ ಮನುಷ್ಯರ ಕಾಲಿಗೆ ಬೀಳುವುದು ನಿಷಿದ್ಧ. ಅದಕ್ಕೂ ಶಿಸ್ತು ಉಂಟು, ಅದಕ್ಕೂ ಕೊನೆಯ ಬೆಂಚು ಉಂಟು. ಇನ್ನೂ ಎರಡು ಪ್ರಕಟಣೆ ಬಾಕಿ ಇತ್ತು.

ತಲೆ ಎತ್ತಿ ನೋಡಿದೆ. ಪಕ್ಕದ ಕೋಣೆಯ ಕಿಟಕಿಯಲ್ಲಿ ಸೋನ್ಸರ ಮುಖ ಆಗ ತಾನೇ ಈ ಕಡೆ ತಿರುಗುತ್ತಿತ್ತು. ನಾನು ಎರಡೇ ಹೆಜ್ಜೆಗೆ ಹೋಗಿ, ಕಿಟಕಿಯ ಎರಡೂ ಬಾಗಿಲನ್ನು ಅವರ ಮುಖದ ಮೇಲೆ ಹೊರಗಿನಿಂದ ದಬಕ್ಕನೆ ಹಾಕಿದೆ.